ಶಾಲೆ ಬದಲಾಗುತ್ತಿದೆ, ಮಕ್ಕಳ ಜೊತೆ ನಾವಿದ್ದೇವೆಯೇ?

ಜೂನ್ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಎರಡು ಸದ್ದುಗಳು ಒಟ್ಟಿಗೆ ಕೇಳಿಸುತ್ತವೆ. ಒಂದು ಹೆಂಚಿನ ಮೇಲೆ ಬೀಳುವ ಮುಂಗಾರು ಮಳೆಯದ್ದು, ಇನ್ನೊಂದು ಹೊಸ ಪುಸ್ತಕಗಳಿಗೆ ಬೈಂಡು ಹಾಕುವ ಕಾಗದದ್ದು. ಕೊಡೆ, ಚೀಲ, ಸಮವಸ್ತ್ರಗಳ ಖರೀದಿ ಮುಗಿಯುತ್ತದೆ. ಮಗು ಬಿಸ್ಮಿಲ್ಲಾ ಹೇಳಿ ಹೊಸ್ತಿಲು ದಾಟುತ್ತದೆ. ಅಲ್ಲಿಗೆ ನಮ್ಮ ಹೊಣೆ ಮುಗಿಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ.

ಆದರೆ ಪ್ರೌಢಶಾಲೆಗೆ ಹೋಗುವ ಮಗುವಿನ ಪಾಲಿಗೆ ಆ ದಿನ ಹೊಣೆ ಆರಂಭವಾಗುತ್ತದೆ. ಏಳು ವರ್ಷ ಮಸೀದಿಯ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ, ಪರಿಚಿತ ಮುಖಗಳ ನಡುವೆ ಕಲಿತ ಮಗು ಈಗ ಬಸ್ಸು ಹತ್ತಿ ಪೇಟೆಯ ಶಾಲೆಗೆ ಹೋಗಬೇಕು. ಆ ಶಾಲೆಯಾದರೂ ಅದರ ಅಣ್ಣನೋ ಅಕ್ಕನೋ ಕಲಿತ ಶಾಲೆಯಾಗಿ ಉಳಿದಿಲ್ಲ. ಅಂಗಳ ಅದೇ, ಧ್ವಜಸ್ತಂಭ ಅದೇ. ಒಳಗಿನ ಬಹಳಷ್ಟು ಸಂಗತಿಗಳು ಬದಲಾಗಿವೆ, ಇನ್ನೂ ಬದಲಾಗುತ್ತಿವೆ.

ಈ ಬದಲಾವಣೆಗಳನ್ನು ನಾವು ಎಷ್ಟು ಅರಿತಿದ್ದೇವೆ? ಅರಿತು ಏನು ಮಾಡಿದ್ದೇವೆ? ಹೊಸ ಶಾಲಾ ವರ್ಷದ ಹೊಸ್ತಿಲಲ್ಲಿ ಪ್ರತಿಯೊಂದು ಮುಸ್ಲಿಮ್ ಕುಟುಂಬವೂ ಈ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.

ಏನೆಲ್ಲ ಬದಲಾಗಿದೆ

2018-19ರಿಂದ ರಾಜ್ಯದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಆರಂಭವಾದವು. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದ ವರೆಗಿನ ಶಿಕ್ಷಣ ಒಂದೇ ಆವರಣಕ್ಕೆ ಬಂತು. ಮರುವರ್ಷ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ತೆರೆದುಕೊಂಡವು. ಹೀಗೆ ಒಂದೇ ಕಟ್ಟಡದಲ್ಲಿ ಎರಡು ಮಾಧ್ಯಮಗಳು ನಡೆಯುವ ಸ್ಥಿತಿ ಈಗ ಸಾಮಾನ್ಯವಾಗುತ್ತಿದೆ. ಉರ್ದು ಮಾಧ್ಯಮದಲ್ಲಿ ಕಲಿತ ಮಗುವಿಗೆ ಪ್ರೌಢಶಾಲೆಯಲ್ಲಿ ಅದೇ ಮಾಧ್ಯಮ ಸಿಗುತ್ತದೆಂಬ ಖಾತರಿ ಅನೇಕ ಊರುಗಳಲ್ಲಿ ಇಲ್ಲ.

ಪರೀಕ್ಷೆಯೂ ಬದಲಾಗಿದೆ. 2023-24ರಲ್ಲಿ ಎಸೆಸೆಲ್ಸಿ ವಿದ್ಯಾರ್ಥಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಮೂರರಲ್ಲಿ ಯಾವುದು ಉತ್ತಮವೋ ಆ ಅಂಕವನ್ನು ಉಳಿಸಿಕೊಳ್ಳಬಹುದಿತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದಿದೆ, ವೆಬ್‌ಕಾಸ್ಟಿಂಗ್ ಬಂದಿದೆ. ಕೆಲವು ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದಲೇ ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನದಂತಹ ವೃತ್ತಿ ವಿಷಯಗಳನ್ನು ಕಲಿಸಲಾಗುತ್ತಿದೆ.

ಇವುಗಳಲ್ಲಿ ಅನುಕೂಲಗಳೂ ಇವೆ, ಆತಂಕಗಳೂ ಇವೆ. ಆದರೆ ನಮ್ಮ ಸಮುದಾಯದ ಮಟ್ಟಿಗೆ ಆತಂಕಕ್ಕೆ ಬೇರೆಯೇ ಒಂದು ಹಿನ್ನೆಲೆ ಇದೆ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪು - ಈ ದಿನಾಂಕಗಳನ್ನು ನಮ್ಮ ಹೆಣ್ಣುಮಕ್ಕಳು ಪಠ್ಯಪುಸ್ತಕದಿಂದ ಕಲಿತವರಲ್ಲ, ಬದುಕಿನಿಂದ ಕಲಿತವರು. ಶಿರವಸ್ತ್ರ ಮತ್ತು ತರಗತಿ ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಹದಿಹರೆಯದ ಹುಡುಗಿಗೆ ಹೇಳಿದ ಗಳಿಗೆ ಸುಲಭವಾಗಿ ಮರೆಯುವಂಥದ್ದಲ್ಲ. ಅದೇ ವರ್ಷ ಕೇಂದ್ರ ಸರಕಾರವು ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ಸೀಮಿತಗೊಳಿಸಿತು. ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಸಿಗುತ್ತಿದ್ದ ನೆರವು ನಿಂತಿತು.

ಆದ್ದರಿಂದ ಹೆತ್ತವರ ಭಯಕ್ಕೆ ಆಧಾರವಿಲ್ಲವೆಂದು ನಾವು ಹೇಳುವುದಿಲ್ಲ. ಆಧಾರವಿದೆ. ಆದರೆ ಭಯ ತೆಗೆದುಕೊಳ್ಳುವ ತೀರ್ಮಾನಗಳು ಸರಿಯಾಗಿಯೇ ಇರುತ್ತವೆಂದು ಹೇಳಲಾಗದು.

ಸದ್ದಿಲ್ಲದ ನಷ್ಟ

ಕೋರ್ಟಿನ ತೀರ್ಪು ಸುದ್ದಿಯಾಗುತ್ತದೆ, ಸರಕಾರದ ಆದೇಶ ಸುದ್ದಿಯಾಗುತ್ತದೆ. ಸುದ್ದಿಯಾಗದೆ ಪ್ರತಿವರ್ಷ ನಡೆಯುವ ನಷ್ಟವೊಂದಿದೆ. ಎಂಟನೇ ತರಗತಿಯ ಹಾಜರಿ ಪುಸ್ತಕದಲ್ಲಿದ್ದ ಹೆಸರೊಂದು ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಕಾಣಿಸುವುದಿಲ್ಲ.

ಇದಕ್ಕೆ ಕಾನೂನಿನಲ್ಲೇ ಒಂದು ಬಿರುಕಿದೆ. 2002ರಲ್ಲಿ ಸಂವಿಧಾನಕ್ಕೆ ಮಾಡಿದ 86ನೇ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಎಂಟನೇ ತರಗತಿಗೆ ನಿಲ್ಲುತ್ತದೆ. ಇತ್ತ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಹದಿನಾಲ್ಕು ದಾಟಿದವರನ್ನು ಅಪಾಯಕಾರಿ ಕೆಲಸಗಳಿಗೆ ಮಾತ್ರ ನಿಷೇಧಿಸಲಾಗಿದೆ. ಅಂದರೆ ಮಗುವಿಗೆ ಹದಿನಾಲ್ಕು ತುಂಬಿದ ದಿನ ಒಂದು ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಸ್ವಲ್ಪ ತೆರೆದುಕೊಳ್ಳುತ್ತದೆ. ಗಣಿತ ತಲೆಗೆ ಹೋಗದ ಹುಡುಗ ಮಾವನ ಗ್ಯಾರೇಜಿಗೋ ಪರಿಚಯದವರ ಬಟ್ಟೆ ಅಂಗಡಿಗೋ ಸೇರುತ್ತಾನೆ. ಕೈಗೆ ನಾಲ್ಕು ಕಾಸು ಬಂದ ಮೇಲೆ ಅವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಕಷ್ಟ. ಹುಡುಗಿಯಾದರೆ ದೂರದ ಬಸ್ಸು, ಶಾಲೆಯ ವಾತಾವರಣ, ಜನರ ಮಾತು ಎಂಬ ಕಾರಣಗಳು ಒಂದರ ಮೇಲೊಂದು ಬಂದು ಅವಳು ಮನೆಯಲ್ಲೇ ಉಳಿಯುತ್ತಾಳೆ.

ಈ ಮಕ್ಕಳನ್ನು ಯಾವ ಆದೇಶವೂ ಹೊರಗೆ ಕಳುಹಿಸಲಿಲ್ಲ. ಅವರನ್ನು ಕಳುಹಿಸಿದವರು ನಾವು. ಈ ಮಾತು ಕಹಿಯಾಗಿದ್ದರೂ ಹೇಳದೆ ಬೇರೆ ದಾರಿಯಿಲ್ಲ. ಇತರರು ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿದಾಗ ನಾವು ಪ್ರತಿಭಟಿಸಿದೆವು, ಪ್ರತಿಭಟಿಸಲೇಬೇಕಿತ್ತು. ನಮ್ಮ ಕೈಯಿಂದಲೇ ಮುಚ್ಚಿಹೋದ ಬಾಗಿಲುಗಳ ಬಗ್ಗೆ ಯಾವ ಜುಮಾ ಖುತುಬದಲ್ಲಿ ಮಾತಾಡಿದ್ದೇವೆ?

ಹಿಜ್ರಾದ ದಾರಿ ಕಲಿಸುವ ಪಾಠ

ಚಾಂದ್ರಮಾನ ವರ್ಷವು ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಿಜ್ರಿ ಹೊಸ ವರ್ಷವು ಹಿಂದೆ ಸರಿಯುತ್ತ 2025ರಿಂದ ಜೂನ್ ತಿಂಗಳಿಗೆ ಬಂದಿದೆ. ಶಾಲೆಯ ಹೊಸ ವರ್ಷ ಮತ್ತು ನಮ್ಮ ಹೊಸ ವರ್ಷ ಒಂದೇ ಮಳೆಗಾಲದಲ್ಲಿ ಭೇಟಿಯಾಗುತ್ತಿರುವ ಈ ಹೊತ್ತಿನಲ್ಲಿ ಹಿಜ್ರಾದ ಘಟನೆಯನ್ನು ಬೇರೊಂದು ಕಣ್ಣಿನಿಂದ ನೋಡೋಣ.

ಪ್ರವಾದಿ ಮುಹಮ್ಮದ್(ಸ) ಮತ್ತು ಹಝ್ರತ್ ಅಬೂಬಕರ್(ರ) ಮಕ್ಕಾದಿಂದ ಹೊರಟದ್ದು ಅಲ್ಲಾಹನ ಮೇಲೆ ಸಂಪೂರ್ಣ ಭರವಸೆ ಇಟ್ಟು. ಆದರೆ ಆ ಭರವಸೆಯು ಸಿದ್ಧತೆಯನ್ನು ಬದಿಗಿಡಲಿಲ್ಲ. ಸೌರ್ ಗುಹೆಯಲ್ಲಿ ಮೂರು ರಾತ್ರಿ ತಂಗುವುದು ನಿಗದಿಯಾಗಿತ್ತು. ಅಬೂಬಕರ್(ರ)ರ ಮಗ ಅಬ್ದುಲ್ಲಾ ಹಗಲು ಊರಿನ ಸುದ್ದಿ ಸಂಗ್ರಹಿಸಿ ರಾತ್ರಿ ತಲುಪಿಸುತ್ತಿದ್ದರು. ಅಸ್ಮಾ(ರ) ಬುತ್ತಿ ಕಟ್ಟಿಕೊಟ್ಟರು. ಆಮಿರ್ ಬಿನ್ ಫುಹೈರಾ(ರ) ಆಡು ಕುರಿಗಳನ್ನು ಅತ್ತ ಹೊಡೆದುಕೊಂಡು ಬಂದು ಹಾಲು ಒದಗಿಸುತ್ತಿದ್ದರು. ಇನ್ನು ದಾರಿ ತೋರಿಸಲು ನೇಮಕಗೊಂಡ ಅಬ್ದುಲ್ಲಾ ಬಿನ್ ಉರೈಕಿತ್ ಆಗ ಮುಸ್ಲಿಮರಾಗಿರಲಿಲ್ಲ, ಕುರೈಶರ ಧರ್ಮದಲ್ಲೇ ಇದ್ದರು. ಆದರೆ ಅವರು ದಾರಿ ಬಲ್ಲವರು ಮತ್ತು ನಂಬಿಕಸ್ತರು. ಪ್ರವಾದಿಯವರು(ಸ) ತಮ್ಮ ಬದುಕಿನ ಅತ್ಯಂತ ಅಪಾಯಕಾರಿ ಪಯಣದಲ್ಲಿ ತಮ್ಮ ಒಂಟೆಗಳನ್ನು ಅವರ ವಶಕ್ಕೆ ಒಪ್ಪಿಸಿದರು. ಅವರು ಕರಾವಳಿಯ ದಾರಿಯಲ್ಲಿ ಕರೆದೊಯ್ದರು.

ಈ ಘಟನೆಯಲ್ಲಿ ನಮಗೆ ಎರಡು ಪಾಠಗಳಿವೆ. ಮೊದಲನೆಯದು, ಬದಲಾವಣೆಯ ಪಯಣದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೆಲಸವಿತ್ತು. ಯುವಕ, ಹೆಣ್ಣುಮಗಳು, ಕುರಿ ಕಾಯುವವರು ಯಾರೂ ದುಆ ಮಾಡಿ ಸುಮ್ಮನೆ ಕೂರಲಿಲ್ಲ. ಎರಡನೆಯದು, ದಾರಿ ಬಲ್ಲ ಸಜ್ಜನ ಬೇರೆ ಧರ್ಮದವನೆಂಬ ಕಾರಣಕ್ಕೆ ಅವನನ್ನು ದೂರವಿಡಲಿಲ್ಲ. ನಮ್ಮ ಮಕ್ಕಳ ಪ್ರೌಢಶಾಲೆಯಲ್ಲಿ ಬೀಜಗಣಿತ ಕಲಿಸುವ ಮೇಷ್ಟ್ರು, ಕನ್ನಡ ವ್ಯಾಕರಣ ತಿದ್ದುವ ಟೀಚರ್ ಬಹುತೇಕ ಬೇರೆ ಸಮುದಾಯದವರು. ಒಂದಿಬ್ಬರ ಒರಟು ಮಾತಿಗಾಗಿ ಎಲ್ಲರನ್ನೂ ಸಂಶಯದಿಂದ ನೋಡುವುದು ನ್ಯಾಯವಲ್ಲ. ಸಂಜೆ ಆರರ ವರೆಗೆ ನಿಂತು ನಮ್ಮ ಮಕ್ಕಳಿಗೆ ವಿಶೇಷ ತರಗತಿ ನಡೆಸಿದವರೂ, ಪರೀಕ್ಷೆಗೆ ಬಾರದ ಹುಡುಗಿಯ ಮನೆ ಹುಡುಕಿಕೊಂಡು ಬಂದವರೂ ಅವರಲ್ಲೇ ಇದ್ದಾರೆ.

ಭಾಷೆಯ ವಿಷಯದಲ್ಲೂ ಪ್ರವಾದಿ ಚರ್ಯೆಯಲ್ಲಿ ಮಾದರಿಯಿದೆ. ಮದೀನಾದ ತರುಣ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿಯನ್ನು ಕಲಿಯುವಂತೆ ಪ್ರವಾದಿಯವರು(ಸ) ಸೂಚಿಸಿದರು. ಅವರು ಸುಮಾರು ಅರ್ಧ ತಿಂಗಳಲ್ಲಿ ಕಲಿತು ಪತ್ರಗಳನ್ನು ಓದಿ ಬರೆಯತೊಡಗಿದರು. ಮುಂದೆ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಮಹತ್ಕಾರ್ಯ ಅವರ ಪಾಲಿಗೆ ಬಂತು. ಇನ್ನೊಬ್ಬರ ಭಾಷೆ ಕಲಿತುದರಿಂದ ಅವರ ಈಮಾನ್ ಕುಂದಲಿಲ್ಲ. ಮನುಷ್ಯರ ಭಾಷೆ ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ಅಲ್ಲಾಹನ ನಿದರ್ಶನಗಳ ಸಾಲಿನಲ್ಲಿ ಎಣಿಸುತ್ತದೆ.

ಮಾಧ್ಯಮದ ಮೋಹ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಶಾಲೆಯಲ್ಲಿ ಆಂಗ್ಲ ಮಾಧ್ಯಮದ ವಿಭಾಗ ತೆರೆದ ಕೂಡಲೇ ಅನೇಕ ಹೆತ್ತವರು ಹಿಂದುಮುಂದು ನೋಡದೆ ಮಗುವನ್ನು ಅಲ್ಲಿಗೆ ಸೇರಿಸುತ್ತಾರೆ. ಮನೆಯಲ್ಲಿ ಬ್ಯಾರಿಯೋ ನವಾಯತಿಯೋ ಉರ್ದುವೋ ಆಡುವ, ಏಳು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಎಂಟನೇ ತರಗತಿಯಲ್ಲಿ ಒಮ್ಮೆಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯಬೇಕಾಗುತ್ತದೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡುತ್ತದೆ. ಬಾಯಿಪಾಠ ಕೈಕೊಟ್ಟಾಗ ತಾನು ದಡ್ಡನೆಂದು ತೀರ್ಮಾನಿಸುತ್ತದೆ. ಗ್ಯಾರೇಜಿನ ದಾರಿ ಅಲ್ಲಿಂದಲೇ ಆರಂಭ.

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲಿಷನ್ನು ಚೆನ್ನಾಗಿ ಕಲಿಯುವುದು ಬೇರೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ. ನಮ್ಮ ಅಭಿಪ್ರಾಯದಲ್ಲಿ, ಬಲವಾದ ತಳಹದಿ ಇಲ್ಲದೆ ಪ್ರೌಢಶಾಲೆಯ ಹಂತದಲ್ಲಿ ಮಾಧ್ಯಮ ಬದಲಿಸಬಾರದು. ಬದಲಿಸಲೇಬೇಕಾದ ಪರಿಸ್ಥಿತಿ ಇದ್ದರೆ ಬೇಸಗೆ ರಜೆಯಲ್ಲೇ ತಯಾರಿ ನಡೆಯಬೇಕು. ಕನ್ನಡದ ಬಗ್ಗೆ ಕೀಳರಿಮೆಯಂತೂ ಸಲ್ಲದು. ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ, ನ್ಯಾಯಾಲಯದಲ್ಲಿ, ನೆರೆಮನೆಯವರ ಸುಖದುಃಖದಲ್ಲಿ ನಮ್ಮ ಮಾತನ್ನು ನಾವೇ ಹೇಳಬೇಕಾದರೆ ಕನ್ನಡ ನಮ್ಮ ನಾಲಗೆಯಲ್ಲಿ ಸಲೀಸಾಗಿ ಹರಿಯಬೇಕು.

ಮದ್ರಸ ಮತ್ತು ಶಾಲೆಯ ನಡುವೆ

ಪ್ರೌಢಶಾಲೆಗೆ ಕಾಲಿಟ್ಟ ಮಗುವಿನ ಎದುರಿಗೆ ಬರುವ ಇನ್ನೊಂದು ಇಕ್ಕಟ್ಟು ಸಮಯದ್ದು. ಬೆಳಗ್ಗಿನ ಮದ್ರಸ ಬಿಡುವ ಮೊದಲೇ ಶಾಲೆಯ ವಿಶೇಷ ತರಗತಿ ಆರಂಭವಾಗುತ್ತದೆ. ಬಸ್ಸು ಅದಕ್ಕೂ ಮುಂಚೆ ಹೊರಡುತ್ತದೆ. ಉಸ್ತಾದರು ಹಾಜರಿ ಕೇಳುತ್ತಾರೆ, ಮೇಷ್ಟ್ರೂ ಹಾಜರಿ ಕೇಳುತ್ತಾರೆ. ನಡುವೆ ಸಿಕ್ಕಿದ ಮಗು ಎರಡೂ ಕಡೆ ಬೈಸಿಕೊಳ್ಳುತ್ತದೆ. ಕೊನೆಗೆ ಮದ್ರಸ ಬಿಟ್ಟುಹೋಗುತ್ತದೆ, ಇಲ್ಲವೇ ಶಾಲೆಯಲ್ಲಿ ಹಿಂದೆ ಬೀಳುತ್ತದೆ.

ಹದಿಮೂರು ಹದಿನಾಲ್ಕನೇ ವಯಸ್ಸು ದೀನೀ ಶಿಕ್ಷಣವನ್ನು ನಿಲ್ಲಿಸುವ ವಯಸ್ಸಲ್ಲ, ಅದು ಅರ್ಥಸಹಿತ ಆರಂಭವಾಗಬೇಕಾದ ವಯಸ್ಸು. ಆ ವರೆಗೆ ಕಂಠಪಾಠ ಮಾಡಿದ್ದರ ಬಗ್ಗೆ ಮಗು ಪ್ರಶ್ನೆ ಕೇಳತೊಡಗುವುದು ಆಗಲೇ. ಆದ್ದರಿಂದ ಈ ಇಕ್ಕಟ್ಟನ್ನು ಬಿಡಿಸುವ ಹೊಣೆ ಮಗುವಿನದ್ದಲ್ಲ, ಜಮಾಅತಿನದ್ದು. ಪ್ರೌಢಶಾಲೆಯ ಮಕ್ಕಳಿಗೆ ಮಗ್ರಿಬ್ ನಂತರವೋ ಭಾನುವಾರವೋ ಪ್ರತ್ಯೇಕ ತರಗತಿ ಏರ್ಪಡಿಸಲು ಕಷ್ಟವೇನಿದೆ? ಶುಕ್ರವಾರದ ಜುಮಾಕ್ಕೆ ಮಧ್ಯಾಹ್ನದ ವಿರಾಮದಲ್ಲಿ ಹೋಗಿಬರಲು ಅನುಮತಿ ಕೋರಿ ಜಮಾಅತಿನ ಇಬ್ಬರು ಹಿರಿಯರು ವರ್ಷದ ಆರಂಭದಲ್ಲೇ ಮುಖ್ಯೋಪಾಧ್ಯಾಯರನ್ನು ಭೇಟಿಯಾದರೆ ಎಷ್ಟೋ ಕಡೆ ಮಾತಿನಲ್ಲೇ ಮುಗಿಯುವ ವಿಷಯವದು. ಮಕ್ಕಳು ಹೇಳದೆ ಕೇಳದೆ ಹೋಗಿ ತಡವಾಗಿ ಬಂದಾಗ ಅದು ದೂರಾಗುತ್ತದೆ. ರಮಝಾನ್ ಕೂಡ ಈಚಿನ ವರ್ಷಗಳಲ್ಲಿ ಪರೀಕ್ಷಾ ಕಾಲದ ಹತ್ತಿರ ಬಂದಿತ್ತು. ಉಪವಾಸ, ತರಾವೀಹ್, ಪುನರಾವರ್ತನೆ ಇವುಗಳನ್ನು ಹೊಂದಿಸಿಕೊಳ್ಳಲು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು.

ಈ ತಿಂಗಳೇ ಮಾಡಬೇಕಾದದ್ದು

ಉಪದೇಶ ಸುಲಭ, ಆದ್ದರಿಂದ ಕೆಲಸದ ಮಾತಿಗೆ ಬರೋಣ.

ಶಾಲೆ ಆರಂಭವಾದೊಡನೆ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆಯಲ್ಲಿ ಮಗು ಎಲ್ಲಿ ನಿಂತಿದೆಯೆಂದು ಅಳೆಯುವ, ಕೊರತೆ ತುಂಬುವ ಕಾರ್ಯಕ್ರಮವದು. ಆ ದಿನಗಳಲ್ಲಿ ಮಗುವನ್ನು ಮದುವೆ, ನೆಂಟರ ಮನೆ ಎಂದು ರಜೆ ಮಾಡಿಸಬೇಡಿ. ಪರೀಕ್ಷೆಯ ಫಲಿತಾಂಶ ಏನೆಂದು ಶಿಕ್ಷಕರಲ್ಲಿ ಕೇಳಿ. ಭಾಗಾಕಾರ ಬಾರದೆಂದು ಜೂನ್‌ನಲ್ಲಿ ತಿಳಿದರೆ ಸರಿಪಡಿಸಬಹುದು, ಮಾರ್ಚ್‌ನಲ್ಲಿ ತಿಳಿದರೆ ಅಳಬಹುದಷ್ಟೆ.

ಪೋಷಕರ ಸಭೆಗೆ ತಾಯಿ ತಂದೆ ಇಬ್ಬರೂ ಹೋಗಿ. ತಂದೆ ಗಲ್ಫ್‌ನಲ್ಲಿದ್ದರೆ ತಾಯಿ ಹೋಗಲಿ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬರುವುದಲ್ಲ, ಮಾತಾಡಿ ಬರಲಿ. ಶಿಕ್ಷಣ ಹಕ್ಕು ಕಾಯ್ದೆಯು ಪ್ರಾಥಮಿಕ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಪ್ರೌಢಶಾಲೆಗಳಲ್ಲೂ ಅಭಿವೃದ್ಧಿ ಸಮಿತಿಗಳಿವೆ. ಮಸೀದಿಯ ಕಮಿಟಿಗೆ ಸ್ಪರ್ಧಿಸುವ ಉತ್ಸಾಹದ ಕಾಲು ಭಾಗವನ್ನಾದರೂ ನಾವು ಈ ಸಮಿತಿಗಳ ಬಗ್ಗೆ ತೋರಿಸಿದ್ದೇವೆಯೇ? ಶಾಲೆಯ ತೀರ್ಮಾನಗಳಲ್ಲಿ ನಮ್ಮ ದನಿ ಇಲ್ಲವೆಂದು ದೂರುವ ಮೊದಲು, ತೀರ್ಮಾನದ ದಿನ ಆ ಕೊಠಡಿಯಲ್ಲಿ ನಾವಿದ್ದೆವೇ ಎಂದು ಕೇಳಿಕೊಳ್ಳಬೇಕು.

ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ ತಿಳಿಸಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ, ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯ ವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹುಡುಗನನ್ನು ಅಂಗಡಿಗೆ ಕಳುಹಿಸದೆ ಶಾಲೆಯಲ್ಲಿ ಉಳಿಸಲು ಬಡ ಮನೆಗೆ ಇದೊಂದು ಊರುಗೋಲು. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವುಗಳನ್ನು ಈಗಲೇ ಸಿದ್ಧಪಡಿಸಿ. ಕೊನೆಯ ದಿನ ಸರ್ವರ್ ಸಿಗುವುದಿಲ್ಲವೆಂಬುದು ನಮಗೆಲ್ಲ ಗೊತ್ತು.

ಕೈಕೆಲಸದಲ್ಲಿ ಆಸಕ್ತಿಯಿರುವ ಹುಡುಗನನ್ನು ಶಾಲೆ ಬಿಡಿಸಬೇಡಿ. ವೃತ್ತಿ ವಿಷಯ ಕಲಿಸುವ ಪ್ರೌಢಶಾಲೆ ಹತ್ತಿರದಲ್ಲಿದೆಯೇ ವಿಚಾರಿಸಿ. ಎಸೆಸೆಲ್ಸಿ ಮುಗಿಸಿ ಐಟಿಐ ಸೇರಿದರೆ ಅದೇ ಗ್ಯಾರೇಜಿಗೆ ಅವನು ಮುಂದೆ ಮಾಲಕನಾಗಿ ಬರಬಹುದು.

ಮಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಕಾಳಜಿ ಬೇಕು. ಶಾಲೆಯ ಸಮವಸ್ತ್ರದ ನಿಯಮವೇನು, ಏನು ಸಾಧ್ಯ, ಏನು ಕಷ್ಟ ಎಂದು ಹೆತ್ತವರೇ ಮುಂಚಿತವಾಗಿ ಹೋಗಿ ಮಾತಾಡಿಕೊಳ್ಳಬೇಕು. ಗೇಟಿನ ಬಳಿ ಅವಳೊಬ್ಬಳೇ ಉತ್ತರಿಸುವಂತಾಗಬಾರದು. ಒಂದು ಕಡೆ ದಾರಿ ಮುಚ್ಚಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಮೌಲಾನಾ ಆಝಾದ್ ಮಾದರಿ ಶಾಲೆ, ಸಮುದಾಯದ ವಿದ್ಯಾಸಂಸ್ಥೆ ಎಂದು ಇನ್ನೊಂದು ದಾರಿ ಹುಡುಕಬೇಕು. ಮನೆಯಲ್ಲಿ ಕೂರಿಸುವುದು ದಾರಿಯಲ್ಲ. ಪ್ರವಾದಿಯವರ(ಸ) ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಹೆಣ್ಣು ಕಲಿಯುವುದೂ ಹೆಣ್ಣು ಕಲಿಸುವುದೂ ನಮಗೆ ಹೊಸತಲ್ಲ.

ಕ್ಯಾಮರಾ ಇಲ್ಲದ ಕಡೆಯೂ

ಕೊನೆಯದಾಗಿ, ನಮ್ಮ ಮಕ್ಕಳು ಶಾಲೆಯಿಂದ ಏನು ಪಡೆಯುತ್ತಾರೆಂಬುದರ ಜೊತೆಗೆ ಶಾಲೆಗೆ ಏನು ಕೊಡುತ್ತಾರೆಂಬುದನ್ನೂ ಯೋಚಿಸೋಣ. ವೆಬ್‌ಕಾಸ್ಟಿಂಗ್ ಬಂದ ಮೇಲೆ ನಕಲು ಮಾಡುವುದು ಕಷ್ಟವಾಗಿದೆ. ಆದರೆ ಸಾಸಿವೆ ಕಾಳಿನಷ್ಟು ಕರ್ಮವೂ, ಅದು ಬಂಡೆಯೊಳಗೆ ಅಡಗಿದ್ದರೂ, ಅಲ್ಲಾಹನು ಅದನ್ನು ಹೊರತರುವನೆಂದು ಲುಕ್ಮಾನರು ತಮ್ಮ ಮಗನಿಗೆ ಕಲಿಸಿದ್ದು ಕ್ಯಾಮರಾಗಳ ಕಾಲದಲ್ಲಲ್ಲ. ಕ್ಯಾಮರಾ ಇಲ್ಲದ ಘಟಕ ಪರೀಕ್ಷೆಯಲ್ಲೂ ಪ್ರಾಮಾಣಿಕನಾಗಿರುವ ಹುಡುಗ, ಬಿಸಿಯೂಟದ ಸಾಲಿನಲ್ಲಿ ಚಿಕ್ಕವರನ್ನು ಮುಂದೆ ಬಿಡುವ ಹುಡುಗಿ, ಕಾಯಿಲೆ ಬಿದ್ದ ಸಹಪಾಠಿಗೆ, ಅವನು ಯಾವ ಧರ್ಮದವನೇ ಆಗಲಿ, ನೋಟ್ಸ್ ಬರೆದುಕೊಡುವ ಗೆಳೆಯ - ಇಸ್ಲಾಮಿನ ಪರಿಚಯ ಶಾಲೆಗೆ ಆಗುವುದು ಇವರ ಮೂಲಕ. ನಮ್ಮ ಬಗ್ಗೆ ಹರಡಿರುವ ಎಷ್ಟೋ ತಪ್ಪು ಕಲ್ಪನೆಗಳನ್ನು ವೇದಿಕೆಯ ಭಾಷಣ ಅಳಿಸಲಾರದು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆತನ ಅಳಿಸಬಲ್ಲದು. ಮಕ್ಕಳನ್ನು ಬದಲಾಗುತ್ತಿರುವ ಶಾಲೆಯಿಂದ ಹಿಂದೆ ಸೆಳೆದುಕೊಂಡರೆ ಆ ಬೆಂಚು ಖಾಲಿಯಾಗುತ್ತದೆ.

ನಮ್ಮ ಪ್ರತಿಯೊಂದು ಮಸೀದಿಯಲ್ಲೂ ಲೆಕ್ಕದ ಪುಸ್ತಕಗಳಿವೆ. ಚಂದಾ ಯಾರು ಕೊಟ್ಟರು, ಯಾರದು ಬಾಕಿ ಎಂಬುದು ತಿಂಗಳಿಗೊಮ್ಮೆ ತಿಳಿಯುತ್ತದೆ. ಈ ಜೂನ್‌ನಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ತೆರೆಯೋಣ. ಕಳೆದ ವರ್ಷ ನಮ್ಮ ಮೊಹಲ್ಲಾದಲ್ಲಿ ಎಂಟನೇ ತರಗತಿ ಮುಗಿಸಿದ ಮಕ್ಕಳ ಹೆಸರು ಬರೆಯೋಣ. ಈ ವರ್ಷ ಅವರೆಲ್ಲ ಒಂಬತ್ತನೇ ತರಗತಿಯಲ್ಲಿ ಇದ್ದಾರೆಯೇ ಎಂದು ಒಂದೊಂದೇ ಹೆಸರಿನ ಮುಂದೆ ಗುರುತು ಹಾಕೋಣ. ಗುರುತು ಬೀಳದ ಹೆಸರು ಒಂದೇ ಇದ್ದರೂ ಸರಿ, ಆ ದಿನ ಅಸರ್ ನಮಾಝಿನ ನಂತರ ನಾಲ್ಕು ಮಂದಿ ಎದ್ದು ಆ ಮನೆಯ ಬಾಗಿಲು ತಟ್ಟೋಣ. ಒಳಗೆ ಕೂತು ಚಹಾ ಕುಡಿದು, ಕಾರಣ ಕೇಳಿ, ಮರುದಿನ ಆ ಮಗುವಿನ ಜೊತೆ ಶಾಲೆಯ ಗೇಟಿನ ವರೆಗೆ ನಡೆದುಹೋಗೋಣ.

ಜ್ಞಾನವನ್ನು ಹೆಚ್ಚಿಸುವಂತೆ ಪ್ರಾರ್ಥಿಸಲು ಅಲ್ಲಾಹನೇ ತನ್ನ ಪ್ರವಾದಿಗೆ(ಸ) ಕಲಿಸಿಕೊಟ್ಟಿದ್ದಾನೆ. ಆ ಪ್ರಾರ್ಥನೆ ನಮ್ಮ ಮಕ್ಕಳ ನಾಲಗೆಯಲ್ಲಿರಲಿ. ಅದು ಈಡೇರುವ ದಾರಿಯಲ್ಲಿ ಅಡ್ಡ ನಿಂತವರ ಸಾಲಿನಲ್ಲಿ ನಾವು ಸೇರದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.